ಜಿಸಿಸಿ ಕೈಪಿಡಿಯ ವಾರ್ನಿಂಗ್ ಅಧ್ಯಾಯ: ಹುಟ್ಟಿದ್ದಕ್ಕೆ ಲೆಕ್ಕ ಉಂಟು, ಸತ್ತದ್ದಕ್ಕೆ ಇಲ್ಲ

ಸುರತ್ಕಲ್ಲಿನ ಲ್ಯಾಬ್ ಇರಲಿ, ಮಣಿಪಾಲದ ಕಂಪನಿಯ ಬಿಲ್ಡ್ ಸರ್ವರ್ ಇರಲಿ, ಕಂಪೈಲರ್ (ಬರೆದ ಕೋಡನ್ನು ಯಂತ್ರ ಓಡಿಸುವ ಪ್ರೋಗ್ರಾಂ ಆಗಿಸುವ ಸಾಧನ) ಒಂದು ಮೆಟ್ಟಿಲು ಮೇಲೆ, ಹೊಸ ಆವೃತ್ತಿಗೆ, ಹೋದ ದಿನ ನಡೆಯುವುದು ಒಂದೇ. ನಿನ್ನೆ ಓಡಿದ ಪ್ರೋಗ್ರಾಂ ಇಂದು ಕಂಪೈಲ್ ಆಗುವುದಿಲ್ಲ. ಆಗಿಬಿಟ್ಟರೂ ಪರದೆ ತುಂಬ ವಾರ್ನಿಂಗ್, ಅಂದರೆ ಕೋಡ್‌ನಲ್ಲಿ ಅನುಮಾನ ಬಂದ ಕಡೆ ಕಂಪೈಲರ್ ಕೊಡುವ ಎಚ್ಚರಿಕೆ. ಮೇಕ್‌ಫೈಲ್ (ಬಿಲ್ಡ್ ಮಾಡುವ ಕ್ರಮ ಬರೆದಿಟ್ಟ ಫೈಲ್) ತೆರೆದರೆ ಯಾರೋ ಯಾವಾಗಲೋ ಹಾಕಿಟ್ಟ ಹದಿನೈದು ಫ್ಲ್ಯಾಗ್‌ಗಳು (ಕಂಪೈಲರಿಗೆ ಕೊಡುವ ಆಯ್ಕೆಗಳು), ಯಾವುದು ಏಕೆ ಉಂಟೆಂದು ಹೇಳುವವರಿಲ್ಲ. ಆಗ ಕೈಹಾಕಬೇಕಾದ್ದು ಸಿ, ಸಿ++ ಭಾಷೆಗಳ ಕಂಪೈಲರ್ ಆದ ಜಿಸಿಸಿಯ ಅಧಿಕೃತ ಕೈಪಿಡಿಗೆ, ಅದರಲ್ಲೂ ವಾರ್ನಿಂಗ್‌ಗಳನ್ನು ಹಚ್ಚುವ, ಆರಿಸುವ ಆಯ್ಕೆಗಳ ಅಧ್ಯಾಯಕ್ಕೆ. ಈ ವಿಮರ್ಶೆ ಆ ಅಧ್ಯಾಯದ್ದು. ಜೊತೆಗೆ ಕ್ಲ್ಯಾಂಗ್ ಎಂಬ ಇನ್ನೊಂದು ಕಂಪೈಲರಿನ ಮತ್ತು ಮೈಕ್ರೋಸಾಫ್ಟ್ ಕಂಪೈಲರಿನ ದಾಖಲೆಗಳನ್ನೂ ಪಕ್ಕದಲ್ಲಿಟ್ಟು ನೋಡಿದ್ದೇವೆ.

ಮೊದಲೇ ಒಂದು ಮಾತು. ಫ್ಲ್ಯಾಗ್‌ಗಳನ್ನು ಇಲ್ಲಿ ಬಾಯಲ್ಲಿ ಹೇಳುವ ಹಾಗೆ ಬರೆದಿದೆ. ಡಬ್ಲ್ಯೂ-ಆಲ್ ಎಂದರೆ ಮುಂದೆ ಒಂದು ಗೀಟು, ದೊಡ್ಡ ಡಬ್ಲ್ಯೂ, ಅದಕ್ಕೆ ಅಂಟಿಕೊಂಡು ಆಲ್. ಟೈಪ್ ಮಾಡುವಾಗ ಡಬ್ಲ್ಯೂ ಆದ ಮೇಲೆ ಗೀಟು ಇಲ್ಲ. ಎಫ್-ಕಾಮನ್ ಮೊದಲಾದವೂ ಹಾಗೆಯೇ, ಅಲ್ಲಿ ಎಫ್ ಮಾತ್ರ ಚಿಕ್ಕದು.

ಯಾವ ಪ್ರತಿ ತೆರೆಯಬೇಕು ಎಂಬಲ್ಲೇ ಅರ್ಧ ಜನ ಎಡವುತ್ತಾರೆ. ಅಂತರ್ಜಾಲದಲ್ಲಿ ಹುಡುಕಿದರೆ ಮೊದಲು ಸಿಗುವುದು ಸಾಮಾನ್ಯವಾಗಿ ಇನ್ನೂ ಬಿಡುಗಡೆಯಾಗದ, ಅಭಿವೃದ್ಧಿಯಲ್ಲಿರುವ ಆವೃತ್ತಿಯ ಕೈಪಿಡಿ. ಲಿನಕ್ಸ್ ವಿತರಣೆಗಳಲ್ಲಿ, ಉಬುಂಟು 22.04ರಲ್ಲಿ ಇರುವುದು ಜಿಸಿಸಿ 11, 24.04ರಲ್ಲಿ 13, ಡೆಬಿಯನ್ 12ರಲ್ಲಿ 12. ಹೊಸ ಕೈಪಿಡಿ ಓದಿ ಹಳೆಯ ಕಂಪೈಲರಿಗೆ ಫ್ಲ್ಯಾಗ್ ಕೊಟ್ಟರೆ ಅದು 'ಗುರುತಿಸಲಾಗದ ಆಯ್ಕೆ' ಎಂದು ಎರರ್ ಕೊಟ್ಟು ನಿಲ್ಲುತ್ತದೆ. ಜಿಸಿಸಿಯ ತಾಣದಲ್ಲಿ ಪ್ರತಿ ಬಿಡುಗಡೆಯ ಕೈಪಿಡಿಯನ್ನೂ ಬೇರೆ ಬೇರೆಯಾಗಿ ಇಟ್ಟಿದ್ದಾರೆ, ಇದು ದೊಡ್ಡ ಉಪಕಾರ. ಮೊದಲು ಜಿಸಿಸಿ --ವರ್ಷನ್ ಕೊಟ್ಟು ಅಂಕಿ ನೋಡಿ, ಆಮೇಲೆ ಅದೇ ಅಂಕಿಯ ಕೈಪಿಡಿ ತೆರೆಯಿರಿ.

ಡೆಬಿಯನ್ ಬಳಸುವವರಿಗೆ ಇನ್ನೊಂದು ತೊಡಕು. ಅಲ್ಲಿ ಕೈಪಿಡಿ ಪುಟ ತೋರಿಸು ಎಂಬ ಅರ್ಥದ ಮ್ಯಾನ್ ಜಿಸಿಸಿ ಎಂದು ಹೊಡೆದರೆ ಪುಟವೇ ಸಿಗುವುದಿಲ್ಲ. ಕಂಪೈಲರ್ ಸ್ವತಂತ್ರ ತಂತ್ರಾಂಶ, ಅದರ ಕೈಪಿಡಿ ಮಾತ್ರ 'ಬದಲಿಸಬಾರದ ಭಾಗ'ಗಳಿರುವ ಪರವಾನಗಿಯದು. 2006ರಲ್ಲಿ ಡೆಬಿಯನ್ ಸದಸ್ಯರು ಮತ ಹಾಕಿ, ಅಂಥ ಭಾಗಗಳಿರುವ ದಾಖಲೆ ಮುಖ್ಯ ಭಂಡಾರಕ್ಕೆ ಸಲ್ಲದು ಎಂದು ತೀರ್ಮಾನಿಸಿದರು. ಕಾಂಟ್ರಿಬ್, ನಾನ್-ಫ್ರೀ ವಿಭಾಗಗಳನ್ನು ತೆರೆದು ಜಿಸಿಸಿ-ಡಾಕ್ ಪ್ಯಾಕೇಜ್ ಹಾಕಿಕೊಂಡರೆ ಸರಿಯಾಗುತ್ತದೆ. ನಮ್ಮೂರಿನ ಆಟಿ ತಿಂಗಳ ಮಳೆಯಲ್ಲಿ ನೆಟ್ ಯಾವಾಗ ಹೋಗುತ್ತದೆಂದು ಹೇಳಲಾಗದು, ಆದ್ದರಿಂದ ಕೈಪಿಡಿಯ ಒಂದು ಪ್ರತಿ ಯಂತ್ರದಲ್ಲೇ ಇರುವುದು ಒಳ್ಳೆಯದು. ಪೂರ್ತಿ ಪಿಡಿಎಫ್ ಸಾವಿರ ಪುಟದ ಆಸುಪಾಸು. ಜೆರಾಕ್ಸ್ ಅಂಗಡಿಗೆ ಕೊಡುವುದಾದರೆ ವಾರ್ನಿಂಗ್ ಅಧ್ಯಾಯ ಮಾತ್ರ ಕೊಡಿ.

ಅಧ್ಯಾಯದ ಒಳಗೆ ಹೋದರೆ, ಬರವಣಿಗೆ ಬಿಗಿ. ಪ್ರತಿ ಫ್ಲ್ಯಾಗ್‌ಗೂ ಅದು ಏನನ್ನು ಹಿಡಿಯುತ್ತದೆ, ಯಾರು ಅದನ್ನು ಹಚ್ಚುತ್ತಾರೆ ಎಂದು ಹೇಳುತ್ತಾರೆ. ಹಲವಕ್ಕೆ ನಾಲ್ಕೈದು ಸಾಲಿನ ಕೋಡ್ ಉದಾಹರಣೆಯೂ ಉಂಟು. ತಪ್ಪು ಎಚ್ಚರಿಕೆ ಬರುವ ಸಂದರ್ಭಗಳನ್ನು ಮುಚ್ಚಿಡುವುದಿಲ್ಲ. ಆದರೆ ಓದುವ ಕ್ರಮ ಗೊತ್ತಿಲ್ಲದವರಿಗೆ ಇದು ಚಕ್ರವ್ಯೂಹ. ಒಂದು ಫ್ಲ್ಯಾಗ್‌ಗೆ ಹಚ್ಚುವ ರೂಪ, ಆರಿಸುವ ರೂಪ ಎರಡೂ ಇದ್ದರೆ, ಡೀಫಾಲ್ಟ್ ಅಲ್ಲದ ರೂಪವನ್ನು ಮಾತ್ರ ಕೈಪಿಡಿ ಪಟ್ಟಿ ಮಾಡುತ್ತದೆ. ಅಂದರೆ ತಾನಾಗಿಯೇ ಹಚ್ಚಿಕೊಂಡಿರುವ ವಾರ್ನಿಂಗ್‌ನ ವಿವರ ಬೇಕಾದರೆ 'ನೋ' ಸೇರಿಸಿ ಹುಡುಕಬೇಕು. ಡಿಪ್ರಿಕೇಟ್ ಆದದ್ದನ್ನು (ಇನ್ನು ಬಳಸಬೇಡಿ ಎಂದು ಗುರುತು ಹಾಕಿದ್ದನ್ನು) ಬಳಸಿದರೆ ಎಚ್ಚರಿಸುವ ಡಿಪ್ರಿಕೇಟೆಡ್-ಡಿಕ್ಲರೇಶನ್ಸ್ ಸಿಗುವುದು ಡಬ್ಲ್ಯೂ-ನೋ-ಡಿಪ್ರಿಕೇಟೆಡ್-ಡಿಕ್ಲರೇಶನ್ಸ್ ಎಂಬ ತಲೆಬರಹದಲ್ಲಿ. ಈ ನಿಯಮವನ್ನು ಅಧ್ಯಾಯದ ಆರಂಭದಲ್ಲಿ ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಿದ್ದಾರೆ. ಅದನ್ನು ಓದದೆ ನೇರ ಕೆಳಗೆ ಹಾರಿದವರು 'ಇದರ ವಿವರವೇ ಇಲ್ಲ' ಎಂದು ಬೈಯುತ್ತಾರೆ.

ವಾರ್ನಿಂಗ್‌ಗಳ ಒಂದು ಗುಂಪನ್ನೇ ಹಚ್ಚುವ ಡಬ್ಲ್ಯೂ-ಆಲ್ ಎಂಬ ಹೆಸರಿನ ಬಗ್ಗೆ ಎಲ್ಲರ ದೂರೂ ಒಂದೇ, ಅದು ಎಲ್ಲವನ್ನೂ ಹಚ್ಚುವುದಿಲ್ಲ. ಉಡುಪಿಯ ಹೋಟೆಲಿನಲ್ಲಿ ಫುಲ್ ಮೀಲ್ಸ್ ಹೇಳಿ ಕೂತರೆ ಗೋಳಿಬಜೆ, ಬನ್ಸ್ ಬರುವುದಿಲ್ಲವಲ್ಲ, ಅಷ್ಟೇ. ಕೈಪಿಡಿ ಇದನ್ನು ಸ್ಪಷ್ಟವಾಗಿಯೇ ಹೇಳುತ್ತದೆ, ಆಲ್‌ನೊಳಗೆ ಬರುವವುಗಳ ಪಟ್ಟಿ, ಇನ್ನಷ್ಟು ಹಚ್ಚುವ ಡಬ್ಲ್ಯೂ-ಎಕ್ಸ್‌ಟ್ರಾದೊಳಗೆ ಬರುವವುಗಳ ಪಟ್ಟಿ ಎರಡನ್ನೂ ಕೊಡುತ್ತದೆ. ಶ್ಯಾಡೋ (ಹೊರಗಿನ ಹೆಸರನ್ನು ಒಳಗಿನದು ಮರೆಮಾಡಿದರೆ ಬರುವುದು), ಕನ್ವರ್ಶನ್ (ಟೈಪ್ ಬದಲಾಗುವಾಗ ಬೆಲೆ ಕೆಡಬಹುದಾದರೆ ಬರುವುದು) ಎರಡೂ ಇವೆರಡರಲ್ಲೂ ಇಲ್ಲ, ಹೆಸರು ಹಿಡಿದೇ ಕೇಳಬೇಕು. ಎಕ್ಸ್‌ಟ್ರಾದ ಹಳೆಯ ಹೆಸರು ಬರಿಯ ಡಬ್ಲ್ಯೂ. ಹೊಸ ಹೆಸರು ಬಂದದ್ದು 3.4 ಆವೃತ್ತಿಯಲ್ಲಿ, 2004ರಲ್ಲಿ. ಹಳೆಯದು ಈಗಲೂ ನಡೆಯುತ್ತದೆ ಎಂದು ಕೈಪಿಡಿ ಹೇಳುತ್ತದೆ. ಹಳೆಯ ಹೆಸರನ್ನು ದಾಖಲಿಸುವ ರೀತಿ ಹೀಗಿರಬೇಕು.

ಪಟ್ಟಿಗಳನ್ನು ನಿಧಾನ ಓದಬೇಕು ಎನ್ನುವುದಕ್ಕೆ, ಚಿಹ್ನೆಯಿರುವ ಸಂಖ್ಯೆಯನ್ನು ಇಲ್ಲದ್ದರ ಜೊತೆ ಹೋಲಿಸಿದರೆ ಎಚ್ಚರಿಸುವ ಸೈನ್-ಕಂಪೇರ್ ಸಾಕ್ಷಿ. ಒಂದು ಇಂಟ್ (ಚಿಹ್ನೆಯಿರುವ ಪೂರ್ಣಾಂಕ) ವೇರಿಯಬಲ್‌ನಲ್ಲಿ -1 ಉಂಟು ಎಂದುಕೊಳ್ಳಿ. ಅದು ಬಫರಿನ ಸೈಜ್‌ಆಫ್‌ಗಿಂತ, ಅಂದರೆ ಗಾತ್ರಕ್ಕಿಂತ, ಚಿಕ್ಕದೇ ಎಂದು ಇಫ್‌ನಲ್ಲಿ ಕೇಳಿದರೆ ಉತ್ತರ 'ಅಲ್ಲ' ಎಂದು ಬರುತ್ತದೆ. ಸೈಜ್‌ಆಫ್ ಕೊಡುವುದು ಚಿಹ್ನೆಯಿಲ್ಲದ ಸಂಖ್ಯೆ, ಹೋಲಿಸುವ ಮೊದಲು -1 ಕೂಡ ಚಿಹ್ನೆಯಿಲ್ಲದ್ದಾಗಿ, 64 ಬಿಟ್ ಲಿನಕ್ಸ್‌ನಲ್ಲಿ 18446744073709551615 ಆಗಿಬಿಡುತ್ತದೆ. ಇದೇ ಸಾಲನ್ನು ಸಿ++ ಫೈಲ್‌ನಲ್ಲಿಟ್ಟು ಡಬ್ಲ್ಯೂ-ಆಲ್ ಕೊಟ್ಟರೆ ಜಿಸಿಸಿ ಎಚ್ಚರಿಸುತ್ತದೆ. ಸಿ ಫೈಲ್‌ನಲ್ಲಿಟ್ಟರೆ ಸುಮ್ಮನಿರುತ್ತದೆ, ಅಲ್ಲಿ ಎಕ್ಸ್‌ಟ್ರಾ ಬೇಕು. ಕೈಪಿಡಿಯ ಪಟ್ಟಿಯಲ್ಲಿ ಈ ವ್ಯತ್ಯಾಸಕ್ಕೆ ಸಿಗುವ ಜಾಗ ಪಕ್ಕದ ಕೆಲವೇ ಪದ. ಸಿ ಮತ್ತು ಸಿ++ ಎರಡೂ ಇರುವ ಪ್ರಾಜೆಕ್ಟ್‌ಗೆ ಒಂದೇ ಫ್ಲ್ಯಾಗ್ ಸಾಲು ಬರೆಯುವವರು ಎರಡು ಕಡೆಯೂ ಎಕ್ಸ್‌ಟ್ರಾ ಕೊಟ್ಟು ಗೊಂದಲ ತಪ್ಪಿಸಿಕೊಳ್ಳುವುದು ಲೇಸು.

ಕ್ರಮದ ನಿಯಮವೂ ಹಾಗೆಯೇ. ಹೆಚ್ಚು ನಿರ್ದಿಷ್ಟವಾದ ಫ್ಲ್ಯಾಗ್, ಕಡಿಮೆ ನಿರ್ದಿಷ್ಟವಾದದ್ದನ್ನು ಗೆಲ್ಲುತ್ತದೆ, ಸಾಲಿನಲ್ಲಿ ಎಲ್ಲಿದ್ದರೂ ಸರಿ. ನೋ-ಅನ್‌ಯೂಸ್ಡ್-ವೇರಿಯಬಲ್ ಮೊದಲು ಬರೆದು ಆಮೇಲೆ ಆಲ್ ಬರೆದರೂ ಆ ಒಂದು ವಾರ್ನಿಂಗ್ ಆರಿಯೇ ಇರುತ್ತದೆ. ಇಬ್ಬರೂ ಸಮಾನ ನಿರ್ದಿಷ್ಟರಾದರೆ ಕೊನೆಗೆ ಬಂದದ್ದು ಗೆಲ್ಲುತ್ತದೆ. ವಾರ್ನಿಂಗನ್ನು ಬಿಲ್ಡ್ ನಿಲ್ಲಿಸುವ ಎರರ್ ಮಾಡುವ ಡಬ್ಲ್ಯೂ-ಎರರ್‌ನದ್ದೂ ಅಸಮ: ಡಬ್ಲ್ಯೂ-ಎರರ್=ಶ್ಯಾಡೋ ಎಂದರೆ ಶ್ಯಾಡೋ ಹಚ್ಚಿದಂತೆಯೂ ಹೌದು, ಎರರ್ ಮಾಡಿದಂತೆಯೂ ಹೌದು. ಡಬ್ಲ್ಯೂ-ನೋ-ಎರರ್=ಶ್ಯಾಡೋ ಎಂದರೆ ಎರರ್ ಬೇಡ ಎಂದಷ್ಟೇ, ವಾರ್ನಿಂಗ್ ಹಚ್ಚಿದಂತೆಯೂ ಅಲ್ಲ, ಆರಿಸಿದಂತೆಯೂ ಅಲ್ಲ. ಈ ಭಾಗವನ್ನು ಕೈಪಿಡಿ ಚೊಕ್ಕವಾಗಿ ಬರೆದಿದೆ, ಕೊಂಕು ತೆಗೆಯಲು ಏನೂ ಇಲ್ಲ.

ಕೊಂಕು ಇರುವುದು ಅಂಕಿಯಿರುವ ಫ್ಲ್ಯಾಗ್‌ಗಳಲ್ಲಿ. ಇಂಪ್ಲಿಸಿಟ್-ಫಾಲ್‌ತ್ರೂ 0ರಿಂದ 5ರ ತನಕ ಹೋಗುತ್ತದೆ, ಅಂಕಿ ಏರಿದಷ್ಟೂ ಕಟ್ಟುನಿಟ್ಟು. ಬಫರ್ ತುಂಬಿ ಹೊರಚೆಲ್ಲುವುದನ್ನು ಹಿಡಿಯುವ ಫಾರ್ಮ್ಯಾಟ್-ಓವರ್‌ಫ್ಲೋ 2 ಎಂದರೆ 1ಕ್ಕಿಂತ ಹೆಚ್ಚು ಗಲಾಟೆ. ಆದರೆ ಒಂದೇ ಮೆಮೊರಿಯನ್ನು ಬೇರೆ ಬೇರೆ ಟೈಪಾಗಿ ಬಳಸುವುದನ್ನು ಹಿಡಿಯುವ ಸ್ಟ್ರಿಕ್ಟ್-ಏಲಿಯಾಸಿಂಗ್ ಉಲ್ಟಾ: 1 ಅತಿ ಗಲಾಟೆಯದ್ದು, 3 ಅತಿ ನಿಖರವಾದದ್ದು, ಆಲ್ ಕೊಟ್ಟರೆ ಸಿಗುವುದು 3. ಅಂಕಿ ಏರಿಸಿದರೆ ಬಿಗಿಯಾಗುತ್ತದೆಂದು ನಂಬಿದವರಿಗೆ ಇಲ್ಲಿ ಸಡಿಲವಾಗುತ್ತದೆ. ಅದೂ ಎಫ್-ಸ್ಟ್ರಿಕ್ಟ್-ಏಲಿಯಾಸಿಂಗ್ ಹಚ್ಚಿದ್ದರೆ ಮಾತ್ರ ಕೆಲಸ ಮಾಡುತ್ತದೆ, ಅದು ತಾನಾಗಿ ಬರುವುದು ಆಪ್ಟಿಮೈಸೇಶನ್‌ನ (ಕೋಡನ್ನು ಚುರುಕುಗೊಳಿಸುವ) ಓ-2, ಓ-3, ಓ-ಎಸ್ ಹಂತಗಳಲ್ಲಿ. ಪ್ರತಿ ನಮೂದಿನಲ್ಲೂ ವಿವರ ಸರಿಯಾಗಿಯೇ ಉಂಟು. 'ಅಂಕಿಯ ದಿಕ್ಕು ಫ್ಲ್ಯಾಗ್‌ನಿಂದ ಫ್ಲ್ಯಾಗ್‌ಗೆ ಬೇರೆ' ಎಂದು ಅಧ್ಯಾಯದ ತಲೆಯಲ್ಲಿ ಒಂದು ಸಾಲು ಬರೆದಿದ್ದರೆ ಎಷ್ಟೋ ಜನರ ಸಮಯ ಉಳಿಯುತ್ತಿತ್ತು.

ಫಾಲ್‌ತ್ರೂ ನಮೂದಿನ ಎದುರು ಇನ್ನೂ ಸ್ವಲ್ಪ ಹೊತ್ತು ನಿಲ್ಲಬಹುದು, ಕನ್ನಡದಲ್ಲಿ ಕಾಮೆಂಟ್ ಬರೆಯುವವರಿಗೆ ಇಲ್ಲೊಂದು ಗುಟ್ಟು ಉಂಟು. ಸ್ವಿಚ್‌ನಲ್ಲಿ ಬ್ರೇಕ್ ಹಾಕದೆ ಒಂದು ಕೇಸ್‌ನಿಂದ ಮುಂದಿನದಕ್ಕೆ ಜಾರಿದರೆ ಈ ವಾರ್ನಿಂಗ್ ಬರುತ್ತದೆ. ಇದು ಬಂದದ್ದು ಜಿಸಿಸಿ 7ರಲ್ಲಿ, 2017ರಲ್ಲಿ, ಎಕ್ಸ್‌ಟ್ರಾ ಕೊಟ್ಟರೆ 3ನೇ ಹಂತದಲ್ಲಿ ಹಚ್ಚಿಕೊಳ್ಳುತ್ತದೆ. ಬೇಕೆಂದೇ ಜಾರಿಸಿದ್ದು ಎಂದು ಅಲ್ಲಿ ಕಾಮೆಂಟ್ ಬರೆದರೆ ಕಂಪೈಲರ್ ಅದನ್ನು ಓದಿ ಸುಮ್ಮನಾಗುತ್ತದೆ, ಆದರೆ ಓದುವುದು ಇಂಗ್ಲಿಷಿನ ಗೊತ್ತುಪಡಿಸಿದ ಮಾತುಗಳನ್ನು ಮಾತ್ರ. 'ಇಲ್ಲಿ ಬೇಕೆಂದೇ ಕೆಳಗೆ ಬಿಟ್ಟಿದೆ' ಎಂದು ಕನ್ನಡದಲ್ಲಿ ಬರೆದರೆ 2, 3, 4ನೇ ಹಂತಗಳಿಗೆ ಅದು ಕಾಣಿಸುವುದಿಲ್ಲ. 1ನೇ ಹಂತ ಯಾವ ಕಾಮೆಂಟ್ ಇದ್ದರೂ ಒಪ್ಪುತ್ತದೆ, 5ನೇ ಹಂತ ಯಾವ ಕಾಮೆಂಟನ್ನೂ ಒಪ್ಪುವುದಿಲ್ಲ. ಕ್ಲ್ಯಾಂಗ್ ಅಂತೂ ಕಾಮೆಂಟನ್ನು ಗಣನೆಗೇ ತೆಗೆದುಕೊಳ್ಳದು. ಆದ್ದರಿಂದ ಕಂಪೈಲರಿಗೆಂದೇ ಇರುವ ಗುರುತಾದ ಫಾಲ್‌ತ್ರೂ ಆ್ಯಟ್ರಿಬ್ಯೂಟನ್ನೇ ಕೋಡ್‌ನಲ್ಲಿ ಬರೆದು, ಕಾರಣವನ್ನು ಪಕ್ಕದಲ್ಲಿ ಕನ್ನಡದಲ್ಲೇ ಬರೆಯಿರಿ. ಎರಡೂ ಕಂಪೈಲರಿಗೆ ಸಮಾಧಾನ, ಓದುವವರಿಗೂ ಸಮಾಧಾನ.

ಇನ್ನೊಂದು ಕಡೆ ಕೈಪಿಡಿ ನಿಷ್ಠುರವಾಗಿ ಸತ್ಯ ಹೇಳುತ್ತದೆ, ಜನ ಓದುವುದಿಲ್ಲ. ಬೆಲೆ ತುಂಬದ ವೇರಿಯಬಲ್ ಬಳಸಿರಬಹುದು ಎಂದು ಎಚ್ಚರಿಸುವ ಮೇಬಿ-ಅನ್‌ಇನಿಶಿಯಲೈಸ್ಡ್ ಆಲ್‌ನೊಳಗೇ ಉಂಟು, ಆದರೆ ಆಪ್ಟಿಮೈಸೇಶನ್ ಇಲ್ಲದೆ ಅದು ಸಾಧ್ಯವಿಲ್ಲ, ಏಕೆಂದರೆ ಓ-0ಯಲ್ಲಿ ಕಂಪೈಲರ್ ವೇರಿಯಬಲ್‌ಗಳ ಸ್ಥಿತಿಯ ಜಾಡು ಹಿಡಿಯುವುದಿಲ್ಲ. ಡಿಬಗ್ ಬಿಲ್ಡ್ ನುಣುಪು, ರಿಲೀಸ್ ಬಿಲ್ಡ್‌ನಲ್ಲಿ ಕಿರಿಕಿರಿ ಎಂಬ ಗೋಳಿನ ಮೂಲ ಇದು. ವಾರ್ನಿಂಗ್ ಪರೀಕ್ಷೆಯ ಬಿಲ್ಡನ್ನು ಓ-2ರಲ್ಲೇ ಮಾಡಬೇಕು.

ಈಗ ಸತ್ತ ಫ್ಲ್ಯಾಗ್‌ಗಳ ವಿಷಯ. ಈ ಅಧ್ಯಾಯದ ದೊಡ್ಡ ಕೊರತೆ ಇಲ್ಲಿದೆ.

ಅನ್‌ರೀಚಬಲ್-ಕೋಡ್ ಎಂಬ ವಾರ್ನಿಂಗ್ ಹಿಂದೆ ಇತ್ತು. ಎಂದೂ ತಲುಪದ ಕೋಡ್ ಇದ್ದರೆ ಹೇಳುತ್ತಿತ್ತು. ಅದು ಆಪ್ಟಿಮೈಸರನ್ನು ನೆಚ್ಚಿಕೊಂಡಿದ್ದರಿಂದ ಒಂದೊಂದು ಆವೃತ್ತಿಯಲ್ಲಿ ಒಂದೊಂದು ಕಡೆ ಎಚ್ಚರಿಸುತ್ತಿತ್ತು, ಹಾಗಾಗಿ 4.5ರಲ್ಲಿ, 2010ರಲ್ಲಿ, ತೆಗೆದರು. ತೆಗೆದದ್ದು ಸರಿಯೇ. ಆದರೆ ಫ್ಲ್ಯಾಗನ್ನು ಕೊಟ್ಟರೆ ಕಂಪೈಲರ್ ಈಗಲೂ ಬಾಯಿ ಮುಚ್ಚಿ ತೆಗೆದುಕೊಳ್ಳುತ್ತದೆ. ಎರರ್ ಇಲ್ಲ, ವಾರ್ನಿಂಗ್ ಇಲ್ಲ, ಕೆಲಸವೂ ಇಲ್ಲ. ಕೈಪಿಡಿಯಲ್ಲಿ ಹುಡುಕಿದರೆ ನಮೂದೇ ಇಲ್ಲ. ಮೇಕ್‌ಫೈಲ್‌ನಲ್ಲಿ ಅದನ್ನು ನೋಡಿದವರು 'ತಲುಪದ ಕೋಡ್‌ಗೆ ನಮ್ಮಲ್ಲಿ ಕಾವಲು ಉಂಟು' ಎಂದುಕೊಂಡು ನಿಶ್ಚಿಂತೆಯಿಂದಿರುತ್ತಾರೆ. ತಮಾಷೆಯೆಂದರೆ ಜಿಸಿಸಿ --ಹೆಲ್ಪ್=ವಾರ್ನಿಂಗ್ಸ್ ಕೊಟ್ಟರೆ ಅದರ ಎದುರು 'ಏನೂ ಮಾಡುವುದಿಲ್ಲ, ಹಳೆಯದರೊಂದಿಗೆ ಹೊಂದಿಕೆಗಾಗಿ ಉಳಿಸಿದೆ' ಎಂಬ ಅರ್ಥದ ಸಾಲು ಕಾಣುತ್ತದೆ. ಕಂಪೈಲರಿಗೆ ಗೊತ್ತು, ಪುಸ್ತಕಕ್ಕೆ ಗೊತ್ತಿಲ್ಲ. ಅದೇ ಹೆಸರಿನ ಫ್ಲ್ಯಾಗ್ ಕ್ಲ್ಯಾಂಗ್‌ನಲ್ಲಿ ಇಂದಿಗೂ ನಿಜವಾಗಿ ಕೆಲಸ ಮಾಡುತ್ತದೆ, ಅಲ್ಲಿಯೂ ಆಲ್‌ನೊಳಗೆ ಇಲ್ಲ, ಹೆಸರು ಹಿಡಿದೇ ಕೇಳಬೇಕು.

ಹೆಸರು ಬದಲಾದರೆ ಹಳೆಯ ಹೆಸರಿಗೆ ಒಂದು ಕೈಮರ ಇರಬೇಕಲ್ಲ. ಕಂಕನಾಡಿ ರೈಲು ನಿಲ್ದಾಣ ಮಂಗಳೂರು ಜಂಕ್ಷನ್ ಆಗಿ ಎಷ್ಟು ಕಾಲವಾಯಿತು, ಈಗಲೂ ಆಟೊದವರಿಗೆ ಕಂಕನಾಡಿ ಸ್ಟೇಶನ್ ಎಂದರೆ ಸರಿಯಾದ ಜಾಗಕ್ಕೇ ತಲುಪುತ್ತೀರಿ. ಹಳೆಯ ಹೆಸರು ಹೇಳಿದವರನ್ನು ಕೂರಿಸಿಕೊಂಡು ಎಲ್ಲಿಗೂ ಹೋಗದೆ ಬಾಡಿಗೆ ಕೇಳಿದರೆ ಹೇಗೆ? ಜಿಸಿಸಿ ಅನ್‌ರೀಚಬಲ್-ಕೋಡ್ ವಿಷಯದಲ್ಲಿ ಮಾಡುವುದು ಅದನ್ನೇ.

ಒಳಗಿನ ವ್ಯವಸ್ಥೆ ನೋಡಿದರೆ ಇದು ಹೇಗಾಗುತ್ತದೆಂದು ತಿಳಿಯುತ್ತದೆ. ಜಿಸಿಸಿಯ ಫ್ಲ್ಯಾಗ್‌ಗಳ ಘೋಷಣೆ ಇರುವುದು ಆಪ್ಟ್ ಎಂಬ ಬಾಲದ ಫೈಲ್‌ಗಳಲ್ಲಿ. ಪ್ರತಿ ಫ್ಲ್ಯಾಗ್‌ಗೂ ಗುಣಗಳನ್ನು ಬರೆಯುತ್ತಾರೆ: ಏಲಿಯಾಸ್ ಎಂದರೆ ಇನ್ನೊಂದರ ಅಡ್ಡಹೆಸರು, ಇಗ್ನೋರ್ ಎಂದರೆ ಸುಮ್ಮನೆ ನುಂಗು, ವಾರ್ನ್-ರಿಮೂವ್ಡ್ ಎಂದರೆ ತೆಗೆದಾಗಿದೆ ಎಂದು ಬಳಸಿದವರಿಗೆ ಹೇಳು, ಅನ್‌ಡಾಕ್ಯುಮೆಂಟೆಡ್ ಎಂದರೆ ಬೇಕೆಂದೇ ದಾಖಲಿಸಿಲ್ಲ, ಎನೇಬಲ್ಡ್-ಬೈ ಎಂದರೆ ಇದನ್ನು ಹಚ್ಚುವ ದೊಡ್ಡ ಫ್ಲ್ಯಾಗ್ ಯಾವುದು. ಕೈಪಿಡಿಯ ಮೂಲವಾದರೋ ಇನ್‌ವೋಕ್ ಎಂಬ ಬೇರೆಯೇ ಟೆಕ್ಸ್‌ಇನ್‌ಫೋ (ಕೈಪಿಡಿ ಬರೆಯುವ ರೂಪದ) ಫೈಲ್. ಹೊಸ ವಾರ್ನಿಂಗ್ ಸೇರಿಸುವವರು ಅಲ್ಲಿ ಮೇಲಿನ ಸಂಕ್ಷಿಪ್ತ ಪಟ್ಟಿ, ವಿವರದ ನಮೂದು, ಸೂಚಿ, ಆಲ್ ಅಥವಾ ಎಕ್ಸ್‌ಟ್ರಾದ ಪಟ್ಟಿ ಎಲ್ಲವನ್ನೂ ಕೈಯಿಂದ ತಿದ್ದಬೇಕು. ಸೇರಿಸುವಾಗ ಪ್ಯಾಚ್ (ಕೋಡ್ ತಿದ್ದುಪಡಿ) ಪರಿಶೀಲಿಸುವವರು ದಾಖಲೆ ಎಲ್ಲಿ ಎಂದು ಕೇಳುತ್ತಾರೆ. ತೆಗೆಯುವಾಗ ನಮೂದು ಅಳಿಸಿದರೆ ಕೆಲಸ ಮುಗಿಯಿತು. ಸಮಾಧಿಕಲ್ಲು ಇಡುವ ಜಾಗವೇ ಪುಸ್ತಕದಲ್ಲಿ ಇಲ್ಲ.

ವಾರ್ನ್-ರಿಮೂವ್ಡ್ ಬಳಸಿದ ಕಡೆ ಎಷ್ಟೋ ವಾಸಿ. ಮೆಮೊರಿಯ ಗಡಿ ಕಾಯುವ ಇಂಟೆಲ್‌ನ ಎಂಪಿಎಕ್ಸ್ ಸೌಲಭ್ಯದ ಬೆಂಬಲವನ್ನು ಜಿಸಿಸಿ 8ರಲ್ಲಿ ಡಿಪ್ರಿಕೇಟ್ ಮಾಡಿ 9ರಲ್ಲಿ ತೆಗೆದರು. ಈಗ ಎಂ-ಎಂಪಿಎಕ್ಸ್ ಕೊಟ್ಟರೆ ಈ ಸ್ವಿಚ್‌ಗೆ ಬೆಂಬಲ ಇಲ್ಲ ಎಂದು ವಾರ್ನಿಂಗ್ ಬರುತ್ತದೆ. ಪ್ರೊಸೆಸರ್ ಯಾವುದೆಂದು ಹೇಳುವ ಎಂ-ಸಿಪಿಯು ಇನ್ನೊಂದು ಬಗೆ. ಎಕ್ಸ್86 ಪ್ರೊಸೆಸರ್‌ನಲ್ಲಿ ಅದು ಎಂ-ಟ್ಯೂನ್‌ನ ಡಿಪ್ರಿಕೇಟ್ ಆದ ಅಡ್ಡಹೆಸರು, ಎಆರ್‌ಎಂನಲ್ಲಿ ಅದೇ ಮುಖ್ಯ ಫ್ಲ್ಯಾಗ್. ರಾಸ್ಪ್‌ಬೆರಿ ಪೈಗೆ ಬರೆದ ಮೇಕ್‌ಫೈಲನ್ನು ಲ್ಯಾಪ್‌ಟಾಪ್‌ಗೆ ತಂದಾಗ ಬರುವ ಗೊಂದಲ ಇದರಿಂದ. ಕೈಪಿಡಿಯಲ್ಲಿ ಪ್ರೊಸೆಸರ್ ಪ್ರಕಾರ ಬೇರೆ ಬೇರೆ ವಿಭಾಗ ಇರುವುದರಿಂದ, ಹುಡುಕಿ ಸಿಕ್ಕಿದ ಮೊದಲ ಎಂ-ಸಿಪಿಯುವನ್ನೇ ಓದಬೇಡಿ. ಭಾಷೆಯ ಆವೃತ್ತಿ ಹೇಳುವ ಎಸ್‌ಟಿಡಿಯಲ್ಲಿ ಸಿ9ಎಕ್ಸ್, ಸಿ++0ಎಕ್ಸ್ ಎಂಬ ಹಳೆಯ ಹೆಸರುಗಳು ಡಿಪ್ರಿಕೇಟೆಡ್ ಎಂದು ಕೈಪಿಡಿ ನೇರವಾಗಿ ಹೇಳುತ್ತದೆ, ಅಲ್ಲಿ ತಕರಾರಿಲ್ಲ.

ಡಿಪ್ರಿಕೇಟ್ ಮಾಡುವುದನ್ನು ಚೆನ್ನಾಗಿ ಮಾಡಿ ತೋರಿಸಿದ್ದು ಕ್ಲ್ಯಾಂಗ್. 2024ರ 19ನೇ ಆವೃತ್ತಿಯಲ್ಲಿ ಓ-ಫಾಸ್ಟ್ ಡಿಪ್ರಿಕೇಟ್ ಆಯಿತು. ಕೊಟ್ಟರೆ ಬರುವ ಸಂದೇಶದಲ್ಲಿ ಎರಡು ದಾರಿ: ಹಿಂದಿನ ವರ್ತನೆಯೇ ಬೇಕಾದರೆ ಓ-3 ಜೊತೆ ಎಫ್-ಫಾಸ್ಟ್-ಮ್ಯಾತ್, ಭಾಷೆಯ ನಿಯಮ ಮೀರದ ಆಪ್ಟಿಮೈಸೇಶನ್ ಸಾಕಾದರೆ ಬರಿಯ ಓ-3. ಏನು ಹೋಗುತ್ತಿದೆ, ಬದಲಿಗೆ ಏನು, ಎರಡರಲ್ಲಿ ವ್ಯತ್ಯಾಸ ಏನು, ಎಲ್ಲ ಒಂದೇ ಸಾಲಿನಲ್ಲಿ. ಕೈಪಿಡಿ ತೆರೆಯದವರಿಗೂ ತಲುಪುತ್ತದೆ. ಮೈಕ್ರೋಸಾಫ್ಟ್ ಕಂಪೈಲರಿನಲ್ಲಿ ಇದಕ್ಕೆ ಸಂಖ್ಯೆಯೇ ಉಂಟು: ಡಿ9035 ಎಂದರೆ ಈ ಆಯ್ಕೆ ಡಿಪ್ರಿಕೇಟ್ ಆಗಿದೆ, ಮುಂದೆ ತೆಗೆಯುತ್ತೇವೆ, ಡಿ9036 ಎಂದರೆ ಅದರ ಬದಲು ಇದನ್ನು ಬಳಸಿ, ಡಿ9002 ಎಂದರೆ ಗೊತ್ತಿಲ್ಲದ ಆಯ್ಕೆ, ಬಿಟ್ಟಿದ್ದೇವೆ. ಸಂಖ್ಯೆ ಇದ್ದರೆ ಬಿಲ್ಡ್ ಲಾಗ್‌ನಲ್ಲಿ ಗ್ರೆಪ್ ಮಾಡಿ (ಹುಡುಕಿ) ಹಿಡಿಯಬಹುದು.

ಜಿಸಿಸಿಯ 'ನೋ' ರೂಪದ ಬಲೆಯನ್ನೂ ಹೇಳಬೇಕು. ಇಲ್ಲದ ವಾರ್ನಿಂಗ್ ಹಚ್ಚಿ ಎಂದರೆ ಎರರ್ ಬರುತ್ತದೆ. ಇಲ್ಲದ ವಾರ್ನಿಂಗ್ ಆರಿಸಿ ಎಂದರೆ, ಅಂದರೆ ಡಬ್ಲ್ಯೂ-ನೋ ಜೊತೆ ಅಕ್ಷರ ತಪ್ಪಿ ಬರೆದರೂ, ಜಿಸಿಸಿ ಚಕಾರ ಎತ್ತುವುದಿಲ್ಲ. ಬೇರೆ ಏನಾದರೂ ವಾರ್ನಿಂಗ್ ಬಂದರೆ ಮಾತ್ರ, ಇಂಥ ಆಯ್ಕೆ ನನಗೆ ಗೊತ್ತಿಲ್ಲ ಎಂದು ಕೊನೆಗೆ ಸೇರಿಸುತ್ತದೆ. ಇದು ಬೇಕೆಂದೇ ಮಾಡಿದ್ದು, ಹೊಸ ಕಂಪೈಲರಿಗಾಗಿ ಬರೆದ 'ಆರಿಸು' ಫ್ಲ್ಯಾಗ್ ಹಳೆಯದರಲ್ಲೂ ತೊಂದರೆ ಕೊಡದಿರಲಿ ಎಂದು. ಕೈಪಿಡಿ ಇದನ್ನು ಉದಾಹರಣೆ ಸಮೇತ ವಿವರಿಸಿದೆ. ವಿವರಿಸದೆ ಬಿಟ್ಟದ್ದು ಇದರ ಪರಿಣಾಮ: ಬಿಲ್ಡ್‌ಗೆ ಮುಂಚೆ ಕಂಪೈಲರನ್ನು ಪರೀಕ್ಷಿಸುವ ಕಾನ್ಫಿಗರ್ ಸ್ಕ್ರಿಪ್ಟ್‌ನಲ್ಲಿ 'ಈ ಕಂಪೈಲರ್ ನೋ-ಫೂ ಒಪ್ಪುತ್ತದೆಯೇ' (ಫೂ ಎಂದರೆ ಯಾವುದೋ ಒಂದು ಹೆಸರು) ಎಂದು ಪರೀಕ್ಷಿಸಿದರೆ ಉತ್ತರ ಯಾವಾಗಲೂ ಹೌದು. ಪರೀಕ್ಷಿಸಬೇಕಾದ್ದು 'ನೋ' ಇಲ್ಲದ ರೂಪವನ್ನು. ಅದು ಪಾಸಾದರೆ ಮೇಕ್‌ಫೈಲ್‌ಗೆ 'ನೋ' ರೂಪ ಸೇರಿಸಬೇಕು. ಲಿನಕ್ಸ್ ಕರ್ನಲ್‌ನ ಬಿಲ್ಡ್ ವ್ಯವಸ್ಥೆ ಹೀಗೆಯೇ ಮಾಡುತ್ತದೆ. ಕ್ಲ್ಯಾಂಗ್ ಎರಡೂ ರೂಪಕ್ಕೆ ವಾರ್ನಿಂಗ್ ಮಾತ್ರ ಕೊಟ್ಟು ಮುಂದೆ ಹೋಗುತ್ತದೆ, ಹಾಗಾಗಿ ಅಲ್ಲಿ ಪರೀಕ್ಷೆಯ ಸಾಲಿಗೆ ಡಬ್ಲ್ಯೂ-ಎರರ್=ಅನ್‌ನೋನ್-ವಾರ್ನಿಂಗ್-ಆಪ್ಶನ್ ಸೇರಿಸಬೇಕು.

ಡೀಫಾಲ್ಟ್ ಬದಲಾವಣೆಗಳನ್ನು ಕೈಪಿಡಿಯಲ್ಲಿ ಹುಡುಕಲೇಬೇಡಿ. ಕೈಪಿಡಿ ಇಂದಿನ ಸ್ಥಿತಿ ಹೇಳುತ್ತದೆ, ನಿನ್ನೆಯದನ್ನಲ್ಲ. ಪ್ರತಿ ಬಿಡುಗಡೆಗೂ ಇರುವ ಬದಲಾವಣೆಗಳ ಪುಟ ಮತ್ತು ಪೋರ್ಟಿಂಗ್ ಮಾರ್ಗದರ್ಶಿಯೇ ಅದಕ್ಕೆ ಗತಿ, ಮತ್ತು ಅವು ಕೈಪಿಡಿಗಿಂತ ಚೆನ್ನಾಗಿವೆ. 2020ರ ಜಿಸಿಸಿ 10ರಲ್ಲಿ ಎಫ್-ನೋ-ಕಾಮನ್ ಡೀಫಾಲ್ಟ್ ಆಯಿತು. ಹೆಡರ್ ಫೈಲ್‌ನಲ್ಲಿ ಎಕ್ಸ್‌ಟರ್ನ್ ಇಲ್ಲದೆ ಗ್ಲೋಬಲ್ ವೇರಿಯಬಲ್ ಬರೆದವರಿಗೆ ಲಿಂಕ್ ಮಾಡುವಾಗ 'ಹಲವು ಕಡೆ ವ್ಯಾಖ್ಯಾನ' ಎಂಬ ಎರರ್ ಬರತೊಡಗಿತು. 2024ರ ಮೇ ತಿಂಗಳ ಜಿಸಿಸಿ 14 ಲ್ಯಾಬ್ ಪ್ರೋಗ್ರಾಮುಗಳಿಗೆ ದೊಡ್ಡ ಪೆಟ್ಟು. ಇಂಟ್ ಇಲ್ಲದೆ ಬರಿಯ ಮೇನ್ ಬರೆಯುವುದು, ಹೆಡರ್ ಸೇರಿಸದೆ ಫಂಕ್ಷನ್ ಕರೆಯುವುದು, ಪಾಯಿಂಟರನ್ನು ಇಂಟ್‌ಗೆ ಹಾಗೆಯೇ ತುಂಬುವುದು, ಹೊಂದದ ಪಾಯಿಂಟರುಗಳನ್ನು ಬೆರೆಸುವುದು, ಇವೆಲ್ಲ ವಾರ್ನಿಂಗ್‌ನಿಂದ ಎರರ್‌ಗೆ ಬಡ್ತಿ ಪಡೆದವು. ಟರ್ಬೊ ಸಿ ಕಾಲದ ಲ್ಯಾಬ್ ಮ್ಯಾನುಯಲ್ಲಿನ ಪ್ರೋಗ್ರಾಮನ್ನು ಹಾಗೆಯೇ ಟೈಪ್ ಮಾಡಿದರೆ ನಡೆಯದು.

ಇದು ಕಾಟ ಕೊಡಲು ಮಾಡಿದ್ದಲ್ಲ. ಘೋಷಣೆಯಿಲ್ಲದ ಫಂಕ್ಷನ್ ಇಂಟ್ ಕೊಡುತ್ತದೆ ಎಂದು ಹಳೆಯ ಸಿ ಊಹಿಸುತ್ತದೆ. ಆ ಫಂಕ್ಷನ್ ನಿಜಕ್ಕೆ ಕೊಡುವುದು ಪಾಯಿಂಟರ್ ಆದರೆ 64 ಬಿಟ್‌ನ ವಿಳಾಸದಲ್ಲಿ 32 ಬಿಟ್ ಮಾತ್ರ ಉಳಿದು, ಇನ್ನೆಲ್ಲೋ ಹೋಗಿ ಪ್ರೋಗ್ರಾಂ ಬೀಳುತ್ತದೆ. ಸರಿಯಾದ ಮದ್ದು ಹೆಡರ್ ಸೇರಿಸುವುದು, ಮೇನ್‌ಗೆ ಇಂಟ್ ಬರೆಯುವುದು. ತುರ್ತಿಗೆ ಎಫ್-ಪರ್ಮಿಸಿವ್ ಕೊಟ್ಟರೆ ಮತ್ತೆ ವಾರ್ನಿಂಗ್ ಆಗುತ್ತವೆ. 2025ರ ಏಪ್ರಿಲ್‌ನ ಜಿಸಿಸಿ 15ರಲ್ಲಿ ಸಿ ಭಾಷೆಯ ಡೀಫಾಲ್ಟ್ ಗ್ನೂ23 (ಸಿ23ರ ಗ್ನೂ ರೂಪ) ಆಗಿದೆ. ಖಾಲಿ ಆವರಣ ಬರೆದ ಫಂಕ್ಷನ್‌ಗೆ ಇನ್ನು ಆರ್ಗ್ಯುಮೆಂಟ್ ಕೊಡುವಂತಿಲ್ಲ, ಬೂಲ್ ಎಂಬುದು ಮೀಸಲು ಪದ. ಬೂಲ್ ಎಂದು ಟೈಪ್‌ಡೆಫ್ ಮಾಡಿಕೊಂಡ ಹಳೆಯ ಕೋಡ್ ಒಡೆಯುತ್ತದೆ. ಎಸ್‌ಟಿಡಿ=ಗ್ನೂ17 ಎಂದು ನಮೂದಿಸಿದರೆ ಉಸಿರಾಡಲು ಸಮಯ ಸಿಗುತ್ತದೆ.

ವಾರ್ನಿಂಗ್‌ಗಳ ಮನೆ ಬದಲಾವಣೆಯೂ ಈ ಪುಟಗಳ ಸಹಾಯವಿಲ್ಲದೆ ತಿಳಿಯದು. ಇಲ್ಲವಾದ ವಸ್ತುವನ್ನು ತೋರಿಸುವ ರೆಫರೆನ್ಸನ್ನು ಹಿಡಿಯುವ ಡ್ಯಾಂಗ್ಲಿಂಗ್-ರೆಫರೆನ್ಸ್ ಜಿಸಿಸಿ 13ರಲ್ಲಿ ಆಲ್‌ನೊಳಗೆ ಬಂತು, ತಪ್ಪು ಎಚ್ಚರಿಕೆ ಹೆಚ್ಚಾಯಿತೆಂದು 14ರಲ್ಲಿ ಎಕ್ಸ್‌ಟ್ರಾಕ್ಕೆ ಹೋಯಿತು. ಕೈಪಿಡಿಯನ್ನೇ ನೆಚ್ಚಿದರೆ, ಎರಡೂ ಆವೃತ್ತಿಯದ್ದನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಮಾತ್ರ ಕಣ್ಣಿಗೆ ಬೀಳುತ್ತದೆ. ಪ್ರತಿ ನಮೂದಿಗೂ 'ಇಂಥ ಆವೃತ್ತಿಯಿಂದ' ಎಂಬ ಒಂದು ಸಾಲು ಸೇರಿಸಿದರೆ ಅರ್ಧ ತಲೆನೋವು ಹೋಗುತ್ತಿತ್ತು.

ಕ್ಲ್ಯಾಂಗ್‌ನ ವಾರ್ನಿಂಗ್ ಪುಟ ಬೇರೆ ಜಾತಿಯದು. ಕಂಪೈಲರಿನ ಸಂದೇಶಗಳ ಕೋಷ್ಟಕದಿಂದಲೇ ಯಂತ್ರ ಅದನ್ನು ತಯಾರಿಸುತ್ತದೆ. ಆದ್ದರಿಂದ ಒಂದು ಫ್ಲ್ಯಾಗೂ ಬಿಟ್ಟುಹೋಗುವುದಿಲ್ಲ, ಯಾವುದು ಯಾವುದನ್ನು ಹಚ್ಚುತ್ತದೆ ಎಂಬುದು ತಪ್ಪುವುದಿಲ್ಲ. ಜಿಸಿಸಿ ಹೊಂದಿಕೆಗಾಗಿ ಮಾತ್ರ ಇರುವ, ಕೆಲಸ ಮಾಡದ ಫ್ಲ್ಯಾಗ್ ಆದರೆ ಹಾಗೆಂದೇ ಬರೆದಿರುತ್ತದೆ. ಜಿಸಿಸಿಯಲ್ಲಿ ಇಲ್ಲದ್ದು ಇಲ್ಲಿ ಉಂಟು. ಆದರೆ ಹೆಚ್ಚಿನ ಕಡೆ ಸಂದೇಶದ ಪಠ್ಯ ಬಿಟ್ಟರೆ ಒಂದು ಮಾತು ವಿವರಣೆ ಇಲ್ಲ. ಅಡುಗೆಮನೆಯ ಡಬ್ಬಗಳಿಗೆಲ್ಲ ಲೇಬಲ್ ಉಂಟು, ಅಡುಗೆ ಹೇಗೆಂದು ಕೇಳಬೇಡಿ. ಮೈಕ್ರೋಸಾಫ್ಟ್‌ನದು ಮಧ್ಯದ ದಾರಿ, ವಾರ್ನಿಂಗ್‌ಗಳಿಗೆ ಸಂಖ್ಯೆ ಕೊಟ್ಟು ಪುಟ ಮಾಡಿದ್ದಾರೆ, ಯಾವ ಆವೃತ್ತಿಯಲ್ಲಿ ಯಾವುದು ಬಂತು ಎಂಬ ಪಟ್ಟಿಯೂ ಉಂಟು. ಡಬ್ಲ್ಯೂವಿ ಫ್ಲ್ಯಾಗ್‌ಗೆ ಆವೃತ್ತಿ ಕೊಟ್ಟರೆ ಅದಕ್ಕಿಂತ ಈಚೆಗೆ ಬಂದ ವಾರ್ನಿಂಗ್‌ಗಳನ್ನೆಲ್ಲ ಆರಿಸಬಹುದು. ಜಿಸಿಸಿಯವರು ನಕಲು ಮಾಡಬೇಕಾದ ವಸ್ತು ಇದೇ.

ಹಾಗಾದರೆ ಕೆಲಸ ಮಾಡುವವರು ಏನು ಮಾಡಬೇಕು? ಪ್ರಾಜೆಕ್ಟ್‌ನಲ್ಲೇ ಫ್ಲ್ಯಾಗ್‌ಗಳ ಒಂದು ಫೈಲ್ ಇಟ್ಟುಕೊಳ್ಳಿ. ಪ್ರತಿ ಫ್ಲ್ಯಾಗ್‌ಗೆ ಹೆಸರು, ಯಾವ ಕಂಪೈಲರಿನ ಯಾವ ಆವೃತ್ತಿಯಿಂದ, ಯಾರು ಹಚ್ಚುತ್ತಾರೆ, ಏನು ಹಿಡಿಯುತ್ತದೆ, ಒಂದೇ ಕಡೆ ಅಡಗಿಸುವುದು ಹೇಗೆ, ಮತ್ತು ಸ್ಥಿತಿ. ಸ್ಥಿತಿ ನಾಲ್ಕರಲ್ಲಿ ಒಂದು: ಬದುಕಿದೆ, ಡಿಪ್ರಿಕೇಟ್ ಆಗಿದೆ, ನುಂಗಿ ಸುಮ್ಮನಿರುತ್ತದೆ, ಎರರ್ ಕೊಡುತ್ತದೆ. ಮೂರನೆಯದನ್ನು ಎರಡನೆಯದರ ಜೊತೆ ಬೆರೆಸಬೇಡಿ, ನಿಜವಾದ ಅಪಾಯ ಮೂರನೆಯದರಲ್ಲೇ. ಅನ್‌ರೀಚಬಲ್-ಕೋಡ್‌ನ ನಮೂದು ಹೀಗಿರಬಹುದು: 'ಜಿಸಿಸಿ 4.5ರಿಂದ ನುಂಗಿ ಸುಮ್ಮನಿರುತ್ತದೆ. ಕ್ಲ್ಯಾಂಗ್‌ನಲ್ಲಿ ಬದುಕಿದೆ, ಆಲ್‌ನೊಳಗಿಲ್ಲ. ಆದ್ದರಿಂದ ಕ್ಲ್ಯಾಂಗ್ ಬಿಲ್ಡ್‌ಗೆ ಮಾತ್ರ ಕೊಡುವುದು.' ಮೂರು ತುಣುಕು, ಮುಂದೆ ಬರುವವರಿಗೆ ಇಡೀ ದಿನದ ಉಳಿತಾಯ.

ಅಡಗಿಸುವುದಕ್ಕೆ ಇಡೀ ಪ್ರಾಜೆಕ್ಟ್‌ಗೆ 'ನೋ' ಫ್ಲ್ಯಾಗ್ ಹಾಕುವುದು ಸೋಮಾರಿತನ. ಡಯಾಗ್ನೋಸ್ಟಿಕ್ ಪ್ರಾಗ್ಮಾದ (ಕೋಡ್‌ನೊಳಗೇ ಕಂಪೈಲರಿಗೆ ಬರೆಯುವ ಸೂಚನೆಯ) ಪುಶ್, ಇಗ್ನೋರ್ಡ್, ಪಾಪ್ ಮೂರನ್ನು ಆ ಸಾಲಿನ ಸುತ್ತ ಇಟ್ಟರೆ ಸಾಕು, ಜಿಸಿಸಿ ಹೆಸರಿನ ಪ್ರಾಗ್ಮಾವನ್ನು ಕ್ಲ್ಯಾಂಗೂ ಓದುತ್ತದೆ. ಹೊರಗಿನ ಲೈಬ್ರರಿಯ ಹೆಡರುಗಳ ಗಲಾಟೆಗೆ ಹೆಡರುಗಳ ಜಾಗ ಹೇಳುವಾಗ ಐ ಬದಲು ಐ-ಸಿಸ್ಟಮ್ ಕೊಟ್ಟರೆ ಮುಗಿಯಿತು. ಡಬ್ಲ್ಯೂ-ಎರರ್ ನಿಮ್ಮ ಬಿಲ್ಡ್ ಸರ್ವರಿನಲ್ಲಿ ಮಾತ್ರ ಇರಲಿ. ಬೇರೆಯವರಿಗೆ ಕೊಡುವ ಮೂಲದಲ್ಲಿ ಇಟ್ಟರೆ ಅವರ ಹೊಸ ಕಂಪೈಲರಿನ ಒಂದು ಹೊಸ ವಾರ್ನಿಂಗ್‌ಗೆ ಬಿಲ್ಡ್ ನಿಲ್ಲುತ್ತದೆ. ಬಿಲ್ಡ್ ಸಾಧನವಾದ ಸಿಮೇಕ್‌ನಲ್ಲಿ 3.24ರಿಂದ ಇದಕ್ಕೆ ಪ್ರತ್ಯೇಕ ವೇರಿಯಬಲ್ ಉಂಟು, ಬಳಸುವವರು ಕಮಾಂಡ್ ಸಾಲಿನಿಂದಲೇ ಆರಿಸಬಹುದು.

ಜಿಸಿಸಿಯ ದೊಡ್ಡ ಬಿಡುಗಡೆ ವರ್ಷಕ್ಕೊಂದು, ಏಪ್ರಿಲ್ ಕೊನೆ ಅಥವಾ ಮೇ ಮೊದಲಲ್ಲಿ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ಪತ್ತನಾಜೆಗೆ ಸ್ವಲ್ಪ ಮುಂಚೆ. ಫ್ಲ್ಯಾಗ್‌ಗಳ ಫೈಲನ್ನು ತಿದ್ದಲು ಅದೇ ಸರಿಯಾದ ಹೊತ್ತು. ಹಳೆಯ ಕಂಪೈಲರಿನಲ್ಲಿ ನಿಮ್ಮ ಫ್ಲ್ಯಾಗ್‌ಗಳ ಜೊತೆ ದೊಡ್ಡ ಕ್ಯೂ ಮತ್ತು --ಹೆಲ್ಪ್=ವಾರ್ನಿಂಗ್ಸ್ ಕೊಟ್ಟು ಬಂದದ್ದನ್ನು ಒಂದು ಫೈಲ್‌ಗೆ ಹಾಕಿ; ಯಾವುದು ಹಚ್ಚಿದೆ, ಯಾವುದು ಆರಿದೆ ಎಂದು ಸಾಲುಸಾಲಾಗಿ ಬರುತ್ತದೆ. ಹೊಸದರಲ್ಲೂ ಹಾಗೆಯೇ ಮಾಡಿ ಎರಡನ್ನು ಡಿಫ್ ಮಾಡಿ (ಹೋಲಿಸಿ ವ್ಯತ್ಯಾಸ ನೋಡಿ). ಆಮೇಲೆ ಓ-2ರಲ್ಲಿ ಪೂರ್ತಿ ಬಿಲ್ಡ್ ಮಾಡಿ, ಪ್ರತಿ ವಾರ್ನಿಂಗ್‌ನ ಕೊನೆಗೆ ಚೌಕ ಆವರಣದಲ್ಲಿ ಬರುವ ಫ್ಲ್ಯಾಗ್ ಹೆಸರನ್ನು ಗ್ರೆಪ್‌ನಿಂದ ತೆಗೆದು, ಸಾರ್ಟ್, ಯುನಿಕ್ ಹಾಕಿ ಎಣಿಸಿ. ಹೊಸದಾಗಿ ಕಂಡ ಪ್ರತಿ ಹೆಸರಿಗೂ ಫೈಲ್‌ನಲ್ಲಿ ಒಂದು ಸಾಲು, ಕಾಣೆಯಾದ ಪ್ರತಿ ಹೆಸರಿಗೂ ಒಂದು ಸಾಲು.